ಎಳೆಗೂಸಿನ ಇಸಬಿಗೆ ತಾಯಿಯ ಹಾಲು ಕಾರಣವಲ್ಲ

(ಸ್ತನ್ಯಪಾನ ಸಪ್ತಾಹದ ಅಂಗವಾಗಿ ತಿಕೋಟಾ ಮತ್ತು ಬಬಲೇಶ್ವರ ಭಾಗದ ತಾಯಂದಿರಿಗೆ, ಅಂಗನವಾಡಿ ಹಾಗೂ ಆಶಾ ಕಾರ್ಯಕರ್ತೆಯರಿಗೆ ವಿಜಯಪುರದಲ್ಲಿ ಮಾಡಿದ ಭಾಷಣದ ಬರಹರೂಪ)



ತಾಯಿಯ ಹಾಲಿನ ಬಗ್ಗೆ ನಾಲ್ಕು ಮಾತು ಹೇಳಬೇಕು ಅಂತ ನಮ್ಮನ್ನು ಕರೆದಿದ್ದಾರೆ. ಹಾಲಿನ ಬಗ್ಗೆಯೇ ಮಾತಾಡುತ್ತೇವೆ. ಆದರೆ ಇವತ್ತು ಕೂಸಿನ ಚರ್ಮದಿಂದ ಶುರು ಮಾಡುತ್ತೇವೆ. ಯಾಕೆಂದರೆ ನಮ್ಮ ಹಳ್ಳಿಗಳಲ್ಲಿ ತಾಯಿಯ ಹಾಲು ಬಿಡಿಸುವುದಕ್ಕೆ ಈಗ ಚರ್ಮವೂ ಒಂದು ಕಾರಣವಾಗಿದೆ.

ತಿಕೋಟಾ ಕಡೆಯ ಒಂದು ತೋಟದ ವಸ್ತಿಗೆ ನಾವು ಚಳಿಗಾಲದಲ್ಲಿ ಹೋಗಿದ್ದೆವು. ಚೊಚ್ಚಲ ಬಾಣಂತಿ, ಇಪ್ಪತ್ತೊಂದು ವರ್ಷದ ಹುಡುಗಿ. ಕೂಸಿಗೆ ಮೂರು ತಿಂಗಳು. ಎರಡೂ ಗಲ್ಲ ಕೆಂಪಾಗಿ, ಹಸಿಯಾಗಿ, ಮೇಲೆ ಹಕ್ಕಳೆ ಕಟ್ಟಿತ್ತು. ಕೂಸು ತಾಯಿಯ ಸೀರೆಗೆ ಮುಖ ತಿಕ್ಕಿ ತಿಕ್ಕಿ ಅಳುತ್ತಿತ್ತು. ತಾಯಿ ನಮ್ಮನ್ನು ಹಿತ್ತಲಿಗೆ ಕರೆದು, "ಸಿಸ್ಟರ್, ನನ್ನ ಹಾಲಿನ್ಯಾಗ ನಂಜೈತಂತ್ರೀ. ಬಿಡಸು ಅಂತಾರ್ರೀ ಅತ್ತಿ" ಅಂದಳು. ಮೊದಲು ಅವಳಿಗೆ ಬದನೆಕಾಯಿ ಬಿಡಿಸಿದ್ದರು. ಆಮೇಲೆ ಶೇಂಗಾ, ಆಮೇಲೆ ತತ್ತಿ, ಕಡೆಗೆ ಬೇಳೆಯೂ ಹೋಯಿತು. ರೊಟ್ಟಿ, ತುಪ್ಪ, ಬಿಳಿ ಅನ್ನ ಇಷ್ಟರಲ್ಲೇ ಬಾಣಂತನ ಸಾಗಿತ್ತು. ಇಷ್ಟೆಲ್ಲ ಬಿಟ್ಟರೂ ಗಲ್ಲ ಮಾಯಲಿಲ್ಲ. ಹಾಲು ಬಿಡಿಸಬೇಡಿರಿ ಅಂತ ನಾವು ಹೇಳಿ ಬಂದೆವು. ಸರಿಯಾಗಿ ಕೂತು ಬಿಡಿಸಿ ಹೇಳಲಿಲ್ಲ, ಬರೇ ಹೇಳಿ ಬಂದೆವು. ಹದಿನೈದು ದಿನಕ್ಕೆ ತಿರುಗಿ ಹೋದಾಗ ಕೂಸಿನ ಬಾಯಲ್ಲಿ ಬಾಟ್ಲಿ ಇತ್ತು. ನೀರು ಬೆರೆಸಿದ ಎಮ್ಮೆಯ ಹಾಲು. ಅದರ ಮುಂದಿನ ವಾರ ವಾಂತಿ ಭೇದಿ ಹತ್ತಿ, ಕಣ್ಣು ಒಳಗೆ ಹೋಗಿ, ಕೂಸನ್ನು ವಿಜಯಪುರದ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿ ಮಲಗಿಸಿದ್ದರು.

ಕೂಸು ಉಳಿಯಿತು, ದೇವರ ದಯೆ. ಆಸ್ಪತ್ರೆಯ ವರಾಂಡದಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವರು ಆ ಅತ್ತೆಯವರೇ. ಅವರು ಕೆಟ್ಟವರಲ್ಲ. ಅವರ ಬಾಣಂತನದಲ್ಲೂ ಅವರಿಗೆ ಇದೇ ಮಾತು ಹೇಳಿದ್ದರಂತೆ.

ಹಾಗಾದರೆ ಆ ಗಲ್ಲದ ಕೆಂಪು ಎಲ್ಲಿಂದ ಬಂತು? ಅದೇ ಇಸಬು. ವೈದ್ಯರು ಎಕ್ಸಿಮಾ ಅಂತಾರೆ. ಹೆಚ್ಚಾಗಿ ಎರಡರಿಂದ ಆರು ತಿಂಗಳ ನಡುವೆ ಏಳುತ್ತದೆ. ಮೊದಲು ಗಲ್ಲ, ನೆತ್ತಿ, ಆಮೇಲೆ ಕೈಕಾಲಿನ ಹೊರಭಾಗ. ಲಂಗೋಟಿ ಕಟ್ಟುವ ಜಾಗದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಸಬು ಬರುವ 100 ಮಕ್ಕಳಲ್ಲಿ ಸುಮಾರು 60 ಮಕ್ಕಳಿಗೆ ಅದು ಮೊದಲ ವರ್ಷದಲ್ಲೇ ಕಾಣುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕಜ್ಜಿ ಬೇರೆ. ಅದು ಅಂಟುತ್ತದೆ, ರಾತ್ರಿ ತುರಿಕೆ ಹೆಚ್ಚು, ಮನೆಯಲ್ಲಿ ಇನ್ನೊಬ್ಬರಿಗೂ ಇರುತ್ತದೆ, ಅದಕ್ಕೆ ಮನೆಮಂದಿಯೆಲ್ಲ ಒಂದೇ ಸಲ ಔಷಧ ಹಚ್ಚಿಕೊಳ್ಳಬೇಕು. ಹುಳುಕಡ್ಡಿ ಮತ್ತೂ ಬೇರೆ. ಆದ್ದರಿಂದ ತುರಿಕೆ ಎಲ್ಲಾ ಒಂದೇ ಅಂತ ಆಶಾ ಅಕ್ಕಂದಿರು ನಿರ್ಧಾರ ಮಾಡಬಾರದು, ಒಮ್ಮೆ ವೈದ್ಯರಿಗೆ ತೋರಿಸಲೇಬೇಕು.

ಈಗ ಹಾಲಿನ ಮೇಲೆ ಅಪವಾದ ಯಾಕೆ ಬರುತ್ತದೆ ನೋಡಿರಿ. ಇಸಬು ಏಳುವ ತಿಂಗಳುಗಳೂ ಕೂಸು ಬರೇ ತಾಯಿಯ ಹಾಲು ಕುಡಿಯುವ ತಿಂಗಳುಗಳೂ ಒಂದೇ. ಕೂಸಿನ ಹೊಟ್ಟೆಗೆ ಬೇರೆ ಏನೂ ಹೋಗುತ್ತಿಲ್ಲ, ಅಂದಮೇಲೆ ಹಾಲೇ ಕಾರಣ ಅಂತ ಹಿರಿಯರು ತಿಳಿದರು. ಲೆಕ್ಕ ಸರಿ ಇದ್ದ ಹಾಗೆ ಕಾಣುತ್ತದೆ. ಆದರೆ ಆ ತಿಂಗಳುಗಳಲ್ಲಿ ಕೂಸಿನ ರಕ್ತದೊಳಗೆ ಬೇರೆ ಎರಡು ಮೂರು ಕೆಲಸ ನಡೆದಿರುತ್ತವೆ, ಅವು ಕಣ್ಣಿಗೆ ಕಾಣುವುದಿಲ್ಲ.

ನಮ್ಮ ದೇಹ ರೋಗದ ಸಂಗಡ ಹೋರಾಡಲು ಪ್ರತಿಕಾಯಗಳನ್ನು ತಯಾರು ಮಾಡುತ್ತದೆ. ಅವುಗಳಲ್ಲಿ ಬೇರೆ ಬೇರೆ ಜಾತಿ ಇವೆ. ನಾಲ್ಕರ ಹೆಸರು ಹೇಳುತ್ತೇವೆ, ಬಾಯಿಪಾಠ ಮಾಡುವುದೇನೂ ಬೇಡ: ಐಜಿಜಿ, ಐಜಿಎಂ, ಐಜಿಎ, ಐಜಿಇ.

ಐಜಿಜಿ ಅಂದರೆ ತಾಯಿ ಕಟ್ಟಿಕೊಟ್ಟ ಬುತ್ತಿ. ಮಗಳನ್ನು ದೂರದ ಊರಿಗೆ ಕಳಿಸುವಾಗ ನಾವು ರೊಟ್ಟಿ ಬುತ್ತಿ ಕಟ್ಟುವುದಿಲ್ಲವೆ, ಹಾಗೆ ಹೊಟ್ಟೆಯಲ್ಲಿ ಇರುವಾಗಲೇ ಮಾಸದ ಮೂಲಕ ತಾಯಿಯ ಐಜಿಜಿ ಕೂಸಿಗೆ ದಾಟುತ್ತದೆ. ಹೆಚ್ಚಿನ ಪಾಲು ಕಡೆಯ ಮೂರು ತಿಂಗಳಲ್ಲಿ, ಅದರಲ್ಲೂ ಕೊನೆಯ ವಾರಗಳಲ್ಲಿ. ದಿನ ತುಂಬಿ ಹುಟ್ಟಿದ ಕೂಸಿನ ರಕ್ತದಲ್ಲಿ ತಾಯಿಯಷ್ಟೇ, ಕೆಲವು ಸಲ ತಾಯಿಗಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಏಳನೇ, ಎಂಟನೇ ತಿಂಗಳಿಗೆ ಹುಟ್ಟಿದ ಕೂಸಿಗೆ ಬುತ್ತಿ ಪೂರಾ ಕಟ್ಟಿರುವುದಿಲ್ಲ, ಅದಕ್ಕೇ ಆ ಕೂಸುಗಳಿಗೆ ಬೇಗ ಸೋಂಕು ತಗಲುತ್ತದೆ. ಬಸುರಿಯರಿಗೆ ಟಿಡಿ ಸೂಜಿ ಯಾಕೆ ಹಾಕುತ್ತೇವೆ? ತಾಯಿಯ ರಕ್ತದಲ್ಲಿ ಧನುರ್ವಾಯುವಿನ ವಿರುದ್ಧ ಐಜಿಜಿ ತಯಾರಾಗಿ ಕೂಸಿನ ಬುತ್ತಿಗೆ ಸೇರಲಿ ಅಂತ. ನಂಜಾದ ಹೊಕ್ಕುಳಿಂದ ಎಳೆಗೂಸುಗಳು ಸೆಟೆದು ಸಾಯುವುದನ್ನು ಇಲ್ಲಿನ ಹಿರಿಯ ಸೂಲಗಿತ್ತಿಯರು ಕಣ್ಣಾರೆ ಕಂಡಿದ್ದಾರೆ. 2015ರಲ್ಲಿ ನಮ್ಮ ದೇಶದಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿವಾರಣೆ ಆಗಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಆಸ್ಪತ್ರೆ ಹೆರಿಗೆ ಮತ್ತು ಆ ಒಂದು ಸೂಜಿ ಮಾಡಿದ ಕೆಲಸ ಅದು.

ಬುತ್ತಿ ಅಂದಮೇಲೆ ಮುಗಿಯುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಹೆಚ್ಚು ಕಡಿಮೆ ಅರ್ಧ ಖರ್ಚಾಗುತ್ತದೆ. ಇಪ್ಪತ್ತು ರೊಟ್ಟಿ ಇದ್ದದ್ದು ಹತ್ತು, ಹತ್ತು ಇದ್ದದ್ದು ಐದು. ಅಷ್ಟರಲ್ಲಿ ಕೂಸು ತನ್ನದೇ ಒಲೆ ಹೂಡಿರುತ್ತದೆ, ಆದರೆ ಆ ಒಲೆ ಇನ್ನೂ ಸಣ್ಣದು. ಮೊದಲು ತಯಾರಾಗುವುದು ಐಜಿಎಂ, ಒಂದು ವರ್ಷಕ್ಕೆ ದೊಡ್ಡವರ ಮುಕ್ಕಾಲು ಪಾಲಿಗೆ ಬರುತ್ತದೆ. ಸ್ವಂತ ಐಜಿಜಿ ವರ್ಷಕ್ಕೆ ಸುಮಾರು 60 ಪಾಲು. ಐಜಿಎ ಎಲ್ಲಕ್ಕಿಂತ ನಿಧಾನ, ವರ್ಷಕ್ಕೆ 20 ಪಾಲಷ್ಟೆ. ಹಾಗಾಗಿ ಮೂರರಿಂದ ಆರು ತಿಂಗಳ ನಡುವೆ, ತಾಯಿಯದು ತೀರುತ್ತಾ ಬಂದು ತನ್ನದು ಇನ್ನೂ ಸಾಲದೆ ಇರುವಾಗ, ಕೂಸಿನ ರಕ್ತದಲ್ಲಿ ಐಜಿಜಿ ಎಲ್ಲಕ್ಕಿಂತ ಕಡಿಮೆ ಇರುತ್ತದೆ. ದಡಾರದ ಸೂಜಿಯನ್ನು ಒಂಬತ್ತು ತಿಂಗಳಿಗೆ ಇಟ್ಟಿರುವುದೂ ಇದೇ ಲೆಕ್ಕದ ಮೇಲೆ. ಅದಕ್ಕೂ ಮೊದಲು ಹಾಕಿದರೆ ತಾಯಿಯ ಉಳಿದ ಐಜಿಜಿ ಲಸಿಕೆಯನ್ನೇ ತಡೆದುಬಿಡಬಹುದು.

ಆ ತೋಟದ ವಸ್ತಿಯ ಕೂಸಿಗೆ ಹಾಲು ಬಿಡಿಸಿದ್ದು ಯಾವಾಗ? ಮೂರೂವರೆ ತಿಂಗಳಿಗೆ. ಸರಿಯಾಗಿ ಬುತ್ತಿ ತೀರುವ ಹೊತ್ತಿಗೆ.

ಈಗ ಐಜಿಎ. ಇದು ಮಾಸದಿಂದ ದಾಟುವುದಿಲ್ಲ, ಹಾಲಿನಲ್ಲಿ ಬರುತ್ತದೆ, ಕೂಸಿನ ಕರುಳಿಗೆ ಒಳಗಿನಿಂದ ಸುಣ್ಣ ಬಳಿದ ಹಾಗೆ ಹತ್ತಿ ನಿಲ್ಲುತ್ತದೆ. ಭೇದಿಯ ಕ್ರಿಮಿಗಳಿಗೆ ಕರುಳಿನ ಗೋಡೆ ಹಿಡಿಯಲು ಬಿಡುವುದಿಲ್ಲ. ಹೆರಿಗೆಯಾದ ಮೊದಲ ಎರಡು ಮೂರು ದಿನದ ಹಳದಿ ಹಾಲಿನಲ್ಲಿ ಇದು ತುಂಬಿರುತ್ತದೆ. ಇಲ್ಲಿ ಎಮ್ಮೆ ಕಟ್ಟಿದವರು ಬಹಳ ಮಂದಿ ಇದ್ದೀರಿ. ಎಮ್ಮೆ ಈದ ಕೂಡಲೆ ಕರುವಿಗೆ ಗಿಣ್ಣದ ಹಾಲು ಕುಡಿಸದಿದ್ದರೆ ಕರು ಬದುಕುವುದು ಕಷ್ಟ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಕರು ಹುಟ್ಟುವಾಗ ಬುತ್ತಿ ಇಲ್ಲದೆಯೇ ಹುಟ್ಟುತ್ತದೆ, ಅದರ ಎಲ್ಲ ಪ್ರತಿಕಾಯವೂ ಗಿಣ್ಣದಿಂದಲೇ ಬರಬೇಕು, ಅದೂ ಮೊದಲ ದಿನದೊಳಗೆ. ಕರುವಿಗೆ ಇಷ್ಟು ಜೋಪಾನ ಮಾಡುವ ಮನೆಯಲ್ಲೇ ಸೊಸೆಯ ಮೊದಲ ಹಾಲು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಸಕ್ಕರೆ ನೀರು, ಜೇನುತುಪ್ಪ ಹಚ್ಚುವುದನ್ನು ನಾವು ನೋಡಿದ್ದೇವೆ. ಜೇನುತುಪ್ಪವಂತೂ ವರ್ಷದೊಳಗಿನ ಕೂಸಿಗೆ ಅಪಾಯ.

ಹಾಗಂತ ಹಾಲು ಕುಡಿಸಿದರೆ ಇಸಬು ಬರುವುದೇ ಇಲ್ಲ ಅಂತ ನಾವು ಹೇಳುವುದಿಲ್ಲ. ಬೆಲಾರೂಸ್ ದೇಶದಲ್ಲಿ 17,000ಕ್ಕೂ ಹೆಚ್ಚು ತಾಯಿ ಮಕ್ಕಳ ಮೇಲೆ ಒಂದು ಅಧ್ಯಯನ ನಡೆಯಿತು. ಹಾಲು ಕುಡಿಸಲು ತಾಯಂದಿರಿಗೆ ಸರಿಯಾಗಿ ನೆರವು ಕೊಟ್ಟ ಆಸ್ಪತ್ರೆಗಳ ಕೂಸುಗಳಲ್ಲಿ ಮೊದಲ ವರ್ಷದಲ್ಲಿ ಭೇದಿ ಕಡಿಮೆಯಾಯಿತು, ಇಸಬು ಕೂಡ 100ಕ್ಕೆ 6ರಷ್ಟಿದ್ದದ್ದು 3ರಷ್ಟಕ್ಕೆ ಇಳಿಯಿತು ಅಂತ 2001ರ ವರದಿ ಹೇಳುತ್ತದೆ. ಎಲ್ಲಾ ಅಧ್ಯಯನಗಳೂ ಹೀಗೇ ಹೇಳಿಲ್ಲ. ಹಾಲು ಕುಡಿದೂ ಇಸಬು ಬಂದ ಕೂಸುಗಳು ಬೇಕಾದಷ್ಟಿವೆ. ಆದರೆ ಹಾಲು ಬಿಡಿಸಿದ್ದರಿಂದ ಇಸಬು ಮಾಯುತ್ತದೆ ಅನ್ನುವುದಕ್ಕೆ ಆಧಾರವಿಲ್ಲ.

ಹಾಗಾದರೆ ಇಸಬಿನ ಮೂಲ ಎಲ್ಲಿದೆ? ಹೆಚ್ಚಿನ ಪಾಲು ಚರ್ಮದ ಗೋಡೆಯಲ್ಲೇ. ಚರ್ಮ ಅಂದರೆ ಇಟ್ಟಿಗೆ ಮತ್ತು ಗಿಲಾಯದ ಗೋಡೆ ಇದ್ದ ಹಾಗೆ. ಆ ಗೋಡೆಯನ್ನು ಗಟ್ಟಿ ಇಡುವ ಫಿಲಾಗ್ರಿನ್ ಅನ್ನುವ ಒಂದು ಸಸಾರಜನಕ ಇದೆ. ಅದರ ವಂಶವಾಹಿಯಲ್ಲಿ ದೋಷವಿದ್ದವರಿಗೆ ಇಸಬು ಬಹಳ ಸಲೀಸಾಗಿ ಬರುತ್ತದೆ ಅಂತ ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ತೋರಿಸಿದರು. ಇಸಬು ಬಂದ ಎಲ್ಲರಲ್ಲೂ ಇದೇ ದೋಷ ಇರುವುದಿಲ್ಲ, ಆದರೆ ಗೋಡೆ ಸಡಿಲ ಇರುವುದು ಎಲ್ಲರಲ್ಲೂ ಕಾಣುತ್ತದೆ. ಒಳಗಿನ ನೀರಿನಂಶ ಹೊರಗೆ ಹೋಗಿ ಚರ್ಮ ಒಣಗುತ್ತದೆ, ಹೊರಗಿನ ಧೂಳು, ಸಾಬೂನು, ಕ್ರಿಮಿ ಒಳಗೆ ನುಗ್ಗುತ್ತವೆ. ಅಪ್ಪನಿಗೋ ಅವ್ವನಿಗೋ ದಮ್ಮು, ಇಸಬು, ಯಾವಾಗಲೂ ಸೀನುವ ಮೂಗು ಇದ್ದರೆ ಕೂಸಿಗೆ ಬರುವ ಸಾಧ್ಯತೆ ಹೆಚ್ಚು. ಇಬ್ಬರಿಗೂ ಇದ್ದರೆ ಇನ್ನೂ ಹೆಚ್ಚು. ಅಪ್ಪನ ಕಡೆಯಿಂದಲೂ ಬರುತ್ತದೆ ಅನ್ನುವುದನ್ನು ಅತ್ತೆಯಂದಿರು ಸ್ವಲ್ಪ ಗಮನಿಸಬೇಕು.

ಉಳಿದದ್ದು ಐಜಿಇ. 1966ರಲ್ಲಿ ಅಮೆರಿಕದಲ್ಲಿ ದುಡಿಯುತ್ತಿದ್ದ ಜಪಾನಿನ ಇಷಿಜಾಕಾ ದಂಪತಿ, ಮರುವರ್ಷ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು. ಅಲರ್ಜಿಯ ಪ್ರತಿಕಾಯ ಇದೇ. ಇದು ತಾಯಿಯಿಂದ ಮಾಸದ ಮೂಲಕ ದಾಟುವುದಿಲ್ಲ. ಹುಟ್ಟಿದ ಕೂಸಿನ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇದ್ದು ಬೆಳೆದ ಹಾಗೆ ಏರುತ್ತದೆ. ಎಷ್ಟೋ ಕೂಸುಗಳಲ್ಲಿ ಮೊದಲು ಇಸಬು ಏಳುತ್ತದೆ, ಐಜಿಇ ಆಮೇಲೆ ಏರುತ್ತದೆ. ಅಂದರೆ ಅಲರ್ಜಿಯಿಂದ ಇಸಬು ಅನ್ನುವುದಕ್ಕಿಂತ, ಒಡೆದ ಚರ್ಮದ ದಾರಿಯಿಂದ ಅಲರ್ಜಿ ಒಳಗೆ ಬರುವುದೇ ಅನೇಕ ಸಲ ನಿಜ. ಲಂಡನ್ನಿನ ವೈದ್ಯ ಗಿಡಿಯನ್ ಲ್ಯಾಕ್ ಇದನ್ನು ಹೀಗೆ ವಿವರಿಸಿದರು: ಒಂದು ಪದಾರ್ಥ ಬಾಯಿಂದ ಹೊಟ್ಟೆಗೆ ಹೋದರೆ ದೇಹ ಅದನ್ನು ನೆಂಟನಂತೆ ಗುರುತು ಹಿಡಿಯುತ್ತದೆ, ಅದೇ ಪದಾರ್ಥ ಒಡೆದ ಚರ್ಮದಿಂದ ಒಳಗೆ ಬಂದರೆ ಕಳ್ಳ ಅಂತ ತಿಳಿದು ಐಜಿಇ ತಯಾರು ಮಾಡುತ್ತದೆ. ನೆಂಟ, ಕಳ್ಳ ಅನ್ನುವ ಮಾತು ನಮ್ಮದು, ವಿಚಾರ ಅವರದು. ಅವರ ತಂಡ ಜೋರು ಇಸಬು ಅಥವಾ ತತ್ತಿಯ ಅಲರ್ಜಿ ಇದ್ದ 640 ಕೂಸುಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ವರ್ಷ ತುಂಬುವ ಮೊದಲೇ ಶೇಂಗಾ ತಿನ್ನಿಸಲು ಶುರು ಮಾಡಿತು, ಇನ್ನೊಂದಕ್ಕೆ ಐದು ವರ್ಷದವರೆಗೆ ಮುಟ್ಟಿಸಲಿಲ್ಲ. ತಿಂದ ಮಕ್ಕಳಲ್ಲೇ ಶೇಂಗಾ ಅಲರ್ಜಿ ಐದರಲ್ಲಿ ನಾಲ್ಕು ಪಾಲು ಕಡಿಮೆಯಾಗಿತ್ತು. 2015ರಲ್ಲಿ ಈ ಫಲಿತಾಂಶ ಬಂದ ಮೇಲೆ ವಿದೇಶದ ವೈದ್ಯರು ಹಿಂದಿನ ಸಲಹೆಯನ್ನು ಬದಲಿಸಿದರು. ಶೇಂಗಾ ಹಿಂಡಿ ಇಲ್ಲದೆ ಊಟವೇ ಏಳದ ನಮ್ಮ ನಾಡಿನಲ್ಲಿ ನಾವು ಈಗ ಶೇಂಗಾ ಬಿಡಿಸಲು ಕಲಿಯುತ್ತಿದ್ದೇವೆ! ಆರು ತಿಂಗಳು ತುಂಬಿದ ಮೇಲೆ, ಗಂಟಲಲ್ಲಿ ಸಿಗದ ಹಾಗೆ ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಿ ಕೊಡಬಹುದು. ಇಡೀ ಕಾಳು ಐದು ವರ್ಷದವರೆಗೆ ಬೇಡ. ಇಸಬು ಜೋರಾಗಿದ್ದರೆ ಮೊದಲು ವೈದ್ಯರನ್ನು ಕೇಳಿರಿ.

ಐಜಿಇ ಅಂದ ಕೂಡಲೆ ರಕ್ತ ಪರೀಕ್ಷೆಯ ಮಾತು ಬರುತ್ತದೆ. ಸಾವಿರಾರು ರೂಪಾಯಿ ಸಾಲ ಮಾಡಿ ನೂರು ಪದಾರ್ಥದ ಅಲರ್ಜಿ ಪಟ್ಟಿ ತೆಗೆಸಿಕೊಂಡು ಬಂದ ಮನೆಗಳಿವೆ. ಹೊಟ್ಟೆಯಲ್ಲಿ ಜಂತುಹುಳ ಇದ್ದರೂ ಐಜಿಇ ಏರುತ್ತದೆ. ಬೆಂಗಳೂರು, ಮೈಸೂರು ಭಾಗದ ದೊಡ್ಡವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 100ಕ್ಕೆ 26 ಜನರ ರಕ್ತದಲ್ಲಿ ಒಂದಲ್ಲ ಒಂದು ಆಹಾರದ ವಿರುದ್ಧ ಐಜಿಇ ಸಿಕ್ಕಿತು. ಆದರೆ ತಿಂದಾಗ ನಿಜವಾಗಿ ಅಲರ್ಜಿ ಆಗುತ್ತಿದ್ದವರು 100ಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಕಾಗದದ ಮೇಲೆ ಕಂಡದ್ದನ್ನೆಲ್ಲ ಬಿಡಿಸುತ್ತಾ ಹೋದರೆ ಕೂಸಿಗೆ ಉಳಿಯುವುದೇನು?

ತಾಯಿಯ ಪಥ್ಯವೂ ಹಾಗೇ. ಬಾಣಂತಿ ತತ್ತಿ, ಶೇಂಗಾ, ಬೇಳೆ ಬಿಟ್ಟರೆ ಕೂಸಿಗೆ ಇಸಬು ಬರದಂತೆ ತಡೆಯಬಹುದು ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಕೆಲವೇ ಕೆಲವು ಕೂಸುಗಳಿಗೆ ಆಕಳ, ಎಮ್ಮೆಯ ಹಾಲಿನ ನಿಜವಾದ ಅಲರ್ಜಿ ಇರುತ್ತದೆ: ಮಲದಲ್ಲಿ ರಕ್ತ, ಮೇಲಿಂದ ಮೇಲೆ ವಾಂತಿ, ಕುಡಿದ ಕೂಡಲೆ ಮೈ ದದ್ದು. ಅಂಥ ಕಡೆ ವೈದ್ಯರು ತಾಯಿಗೆ ಕೆಲವು ವಾರ ಆ ಒಂದು ಪದಾರ್ಥ ಬಿಡಿಸಿ ನೋಡುತ್ತಾರೆ. ಆಗಲೂ ಎದೆಹಾಲು ಬಿಡಿಸುವುದಿಲ್ಲ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗಾಗಿ ಅಂಗನವಾಡಿಗೆ ಬರುವ ಊಟ, ತತ್ತಿ, ಶೇಂಗಾ ಚಿಕ್ಕಿಯನ್ನು ನಂಜು ಅಂತ ತಿರುಗಿ ಕಳಿಸಬೇಡಿರಿ.

ಎರೆಯುವ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಸ್ವಚ್ಛತಾ ಕಾರ್ಯಕ್ರಮ ಅಂತ ಬಬಲೇಶ್ವರದ ಸುತ್ತ ನಾವೇ ಬಾಣಂತಿಯರಿಗೆ ಖಾರ ವಾಸನೆಯ ಸಾಬೂನು ಹಂಚಿ, ಕೂಸನ್ನು ದಿನಾ ಚೆನ್ನಾಗಿ ತಿಕ್ಕಿ ತೊಳೆಯಿರಿ ಅಂತ ಹೇಳಿದ್ದೆವು. ಕೈ ತೊಳೆಯಲು ಹೇಳಿದ್ದು ಸರಿ, ಕೂಸಿನ ಮೈಯನ್ನು ಹಾಗೆ ತಿಕ್ಕಿಸಿದ್ದು ತಪ್ಪು. ನಮ್ಮ ಜಿಲ್ಲೆಯ ಹವೆಯೇ ಒಣ. ಅದರ ಮೇಲೆ ಬೋರಿನ ಗಡಸು ನೀರು, ಕೊಡದ ತಳಕ್ಕೆ ಬಿಳಿ ಪದರ ಕಟ್ಟುವಂಥದ್ದು. ಇಂಗ್ಲೆಂಡಿನಲ್ಲಿ ಮೂರು ತಿಂಗಳ 1,303 ಕೂಸುಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಡಸು ನೀರಿನ ಊರುಗಳ ಕೂಸುಗಳಲ್ಲಿ ಇಸಬು ಹೆಚ್ಚು ಕಂಡಿತ್ತು. ನೀರಿನ ಯಂತ್ರ ಕೊಳ್ಳಿರಿ ಅಂತ ನಾವು ಹೇಳುತ್ತಿಲ್ಲ, ಇಸಬು ಬಂದ ಮೇಲೆ ಅದರಿಂದ ಲಾಭವೇನೂ ಕಂಡಿಲ್ಲ. ಆದರೆ ಸುಡುಸುಡು ನೀರು ಬೇಡ, ಉಗುರುಬೆಚ್ಚಗೆ ಸಾಕು. ಕಡಲೆಹಿಟ್ಟಿನಿಂದ ತಿಕ್ಕುವುದು ಬೇಡ. ಸಾಬೂನು ತೀರ ಕಡಿಮೆ, ಹಚ್ಚಿದರೆ ಪೂರ್ತಿ ತೊಳೆದುಹೋಗಬೇಕು. ಮೆತ್ತಗೆ ಒತ್ತಿ ಒರೆಸಿ, ಮೈ ಹಸಿ ಇರುವಾಗಲೇ ವಾಸನೆ ಇಲ್ಲದ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಸವರಿರಿ. ಸಾಸಿವೆ ಎಣ್ಣೆ ಚರ್ಮವನ್ನು ಕೆರಳಿಸುತ್ತದೆ. ಹೀಗೆ ಸವರುವುದರಿಂದ ಇಸಬು ಬಾರದಂತೆ ತಡೆಯಬಹುದೆ ಅಂತ ಇಂಗ್ಲೆಂಡ್, ನಾರ್ವೆ, ಸ್ವೀಡನ್ ದೇಶಗಳಲ್ಲಿ ನೋಡಿದರು, ತಡೆಯಲಿಲ್ಲ ಅಂತ 2020ರಲ್ಲಿ ಗೊತ್ತಾಯಿತು. 2025ರಲ್ಲಿ ಅಮೆರಿಕದ ಒಂದು ಅಧ್ಯಯನ ಸ್ವಲ್ಪ ಲಾಭ ಇದೆ ಅಂದಿತು. ತಡೆಯುವ ಮಾತು ಹೀಗಿದ್ದರೂ, ಬಂದ ಇಸಬಿಗೆ ಮೊದಲ ಚಿಕಿತ್ಸೆ ಇದೇ. ಕೂಸು ರಾತ್ರಿ ನಿದ್ದೆ ಮಾಡುತ್ತದೆ, ತಾಯಿಯೂ ಮಾಡುತ್ತಾಳೆ.

ತಿಕೋಟಾ ಭಾಗದ ಗಂಡಸರಿಗೆ ಒಂದು ಮಾತು ಮುಟ್ಟಿಸಿರಿ. ದ್ರಾಕ್ಷಿಗೆ ಔಷಧ ಹೊಡೆದು ಬಂದ ಅಂಗಿಯಲ್ಲೇ ಕೂಸನ್ನು ಎತ್ತಿಕೊಳ್ಳಬಾರದು. ಮೈ ತೊಳೆದು, ಅಂಗಿ ಬದಲಿಸಿ ಎತ್ತಿಕೊಳ್ಳಲಿ. ಉಣ್ಣೆಯ ಕುಲಾಯಿ ನೇರ ಗಲ್ಲಕ್ಕೆ ತಾಗದಿರಲಿ, ಒಳಗೊಂದು ಹಳೆಯ ಹತ್ತಿಯ ಬಟ್ಟೆ ಇರಲಿ.

ಔಷಧದ ಅಂಗಡಿಯ ಟ್ಯೂಬ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇವೆ. ಆ ವಸ್ತಿಯ ಕೂಸಿಗೂ ಮೂರು ಔಷಧ ಕೂಡಿಸಿದ ಟ್ಯೂಬ್ ತಂದು ಹಚ್ಚಿದ್ದರು. ನಾಲ್ಕು ದಿನದಲ್ಲಿ ಗಲ್ಲ ಬೆಳ್ಳಗಾಯಿತು, ಬಿಟ್ಟ ಕೂಡಲೆ ಇಮ್ಮಡಿಯಾಗಿ ಎದ್ದಿತು. ಅದರಲ್ಲಿ ಜೋರಾದ ಸ್ಟೀರಾಯ್ಡ್ ಇರುತ್ತದೆ, ಎಳೆಗೂಸಿನ ಚರ್ಮವನ್ನು ತೆಳ್ಳಗೆ ಮಾಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಆದೇಶ ಮಾಡಿದೆ. ಆದರೆ ಸ್ಟೀರಾಯ್ಡ್ ಅಂದರೆ ವಿಷ ಅಂತಲೂ ತಿಳಿಯಬೇಡಿರಿ. ವೈದ್ಯರು ನೋಡಿ, ಸೌಮ್ಯವಾದದ್ದನ್ನು, ಇಷ್ಟು ದಿನ ಅಂತ ಬರೆದುಕೊಟ್ಟರೆ ಧೈರ್ಯವಾಗಿ ಹಚ್ಚಿರಿ. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಬನ್ನಿರಿ. ಇಸಬಿನ ಮೇಲೆ ಹಳದಿ ಕೀವು, ಜ್ವರ, ಅಥವಾ ಒಮ್ಮೆಲೆ ಸಣ್ಣ ಸಣ್ಣ ನೀರುಗುಳ್ಳೆ ಎದ್ದರೆ ಆ ರಾತ್ರಿಯೇ ಹೊರಡಬೇಕು, ಬೆಳಗಿನ ಬಸ್ಸಿಗೆ ಕಾಯಬಾರದು.

ಇಸಬು ಇದೆ ಅಂತ ಲಸಿಕೆ ನಿಲ್ಲಿಸುವುದೂ ಬೇಡ. ಕಬ್ಬು ಕಡಿಯಲು, ಗೋವಾಕ್ಕೆ ದುಡಿಯಲು ಹೋಗುವವರು ತಾಯಿ ಕಾರ್ಡ್ ಗಂಟಿನಲ್ಲಿ ಇಟ್ಟುಕೊಂಡು ಹೋಗಿರಿ, ಹೋದ ಊರಿನಲ್ಲೂ ಸೂಜಿ ಹಾಕುತ್ತಾರೆ.

ಆ ವಸ್ತಿಯ ತಾಯಿಗೆ ಹಾಲು ಬತ್ತಿಹೋಗಿತ್ತು. ಆಸ್ಪತ್ರೆಯ ನರ್ಸಮ್ಮನವರು ದಿನಕ್ಕೆ ಎಂಟು ಹತ್ತು ಸಲ ಕೂಸನ್ನು ಎದೆಗೆ ಹಚ್ಚಿಸಿದರು, ಅತ್ತೆಯವರು ಬೇಳೆ, ತತ್ತಿ ಬೇಯಿಸಿ ಡಬ್ಬಿಯಲ್ಲಿ ತಂದರು. ಎರಡು ವಾರಕ್ಕೆ ಹಾಲು ತಿರುಗಿ ಬಂತು. ಕೂಸಿಗೆ ಈಗ ಒಂದೂವರೆ ವರ್ಷ. ಚಳಿಗಾಲ ಬಂದರೆ ಮೊಣಕೈ ಮಡಿಕೆಯಲ್ಲಿ ಇಸಬು ಈಗಲೂ ಏಳುತ್ತದೆ, ವ್ಯಾಸಲೀನ್ ಡಬ್ಬಿ ಗೂಡಿನಲ್ಲೇ ಇರುತ್ತದೆ. ಅವಳನ್ನು ಕೇಳಿ, ಅವಳು ಒಪ್ಪಿದ ಮೇಲೆಯೇ ನಾವು ಇದನ್ನೆಲ್ಲ ಇಲ್ಲಿ ಹೇಳಿದ್ದು. ಅತ್ತೆ ಸೊಸೆ ಇಬ್ಬರೂ ಬಂದಿದ್ದಾರೆ. ಊಟಕ್ಕೆ ಕೂತಾಗ ಅವರನ್ನೇ ಕೇಳಿರಿ.